ಅವನ ಕೈಯ ಅಳತೆಗೆ ಕಟ್ಟಿದ ಬಲೆ

ವಾಲಿಬಾಲಿನ ಬಲೆ ನೆಲದಿಂದ ಎಷ್ಟು ಎತ್ತರ ಇರಬೇಕು ಎಂದು ಈಗ ಶಾಲೆಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ನಮ್ಮೂರಿನಲ್ಲಿ ಆಗ ಅದಕ್ಕೆ ಬೇರೆಯೇ ಲೆಕ್ಕ ಇತ್ತು. ನಮ್ಮ ತಂಡದಲ್ಲಿ ಚೆಂಡು ಹೊಡೆಯುವವನು, ಅಂದರೆ ಸ್ಮ್ಯಾಶರ್, ಬಲೆಯ ಕೆಳಗೆ ನೆಟ್ಟಗೆ ನಿಂತು ಬಲಗೈ ಎತ್ತಬೇಕು. ಅವನ ನಡುಬೆರಳಿನ ತುದಿಯಿಂದ ಮೇಲೆ ನಾಲ್ಕು ಬೆರಳು ಬಿಟ್ಟು ಹಗ್ಗ ಬಿಗಿಯಬೇಕು. ಊರಿಗೆ ಬಲೆ ಬಂದ ಮೊದಲ ವರ್ಷ ಮಂಗಳೂರಿನ ಒಬ್ಬ ವ್ಯಾಯಾಮದ ಮಾಸ್ತರರು ಕೋಲು ಹಿಡಿದು ಅಳೆದು ಕಟ್ಟಿಸಿದ್ದರು. ಅದು ಅವನ ಕೈಗಿಂತ ಸರಿಯಾಗಿ ನಾಲ್ಕು ಬೆರಳು ಮೇಲೆ ಬಂದಿತ್ತು. ಮಾಸ್ತರರು ಹೋಗುವಾಗ ಕೋಲನ್ನೂ ತೆಗೆದುಕೊಂಡು ಹೋದರು. ನಮಗೆ ಅವನ ಕೈ ಉಳಿಯಿತು, ಅದೇ ಸಾಕು ಅಂದುಕೊಂಡೆವು.

ಗದ್ದೆ ಕೊಯ್ಲು ಮುಗಿದು ನೆಲ ಒಣಗಿದ ಮೇಲೆ ನಮ್ಮ ಆಟ ಶುರುವಾಗುತ್ತಿತ್ತು, ಮಳೆ ಹಿಡಿದರೆ ಮುಗಿಯಿತು. ಮೊದಲ ದಿನ ಬಲೆ ಕಟ್ಟುವುದೆಂದರೆ ಸಣ್ಣ ಪೂಜೆಯೇ. ಅಡಿಕೆ ಮರದ ಎರಡು ಕಂಬ ನೆಡುವುದು, ತೆಂಗಿನಕಾಯಿ ಒಡೆಯುವುದು, ಆಮೇಲೆ ಧಣಿಗಳು ಅವನಿಗೆ ವೀಳ್ಯ ಕೊಟ್ಟು "ಕೈ ಎತ್ತು" ಅನ್ನುವುದು. ಅವನು ಎತ್ತುತ್ತಿದ್ದ. ಒಬ್ಬ ಏಣಿ ಹತ್ತಿ ಬೆರಳು ಇಟ್ಟು ನೋಡುತ್ತಿದ್ದ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಮನುಷ್ಯನ ಕೈ ಹದಿನೈದು ವರ್ಷ ಹಾಗೆಯೇ ಇರುತ್ತದೆ ಎಂದು ನಂಬಿದ ಊರು ನಮ್ಮದು. ಬುದ್ಧಿವಂತರ ಜಿಲ್ಲೆ ಅಂತ ಹೊರಗಿನವರು ನಮ್ಮನ್ನು ಹೊಗಳುವಾಗ ನನಗೆ ಈಗಲೂ ನಗು ಬರುತ್ತದೆ.

ಧಣಿಗಳೆಂದರೆ ಊರಿನ ಮುಕ್ಕಾಲು ಪಾಲು ಗದ್ದೆಯ ಒಡೆಯರು. ತಂಡವೂ ಅವರದೇ. ಬಲೆ, ಚೆಂಡು, ಬನಿಯನು, ಆಟಕ್ಕೆ ಹೋಗುವ ಲಾರಿ, ಎಲ್ಲ ಅವರ ಲೆಕ್ಕದಲ್ಲಿ. ಸ್ಮ್ಯಾಶರ್ ಕಡಬದ ಕಡೆಯವನು. ಹೊಳೆಯ ಆಚೆ ಎಲ್ಲೋ ಪಂದ್ಯ ನೋಡಲು ಹೋಗಿದ್ದ ಧಣಿಗಳು ಅವನ ಹೊಡೆತ ಕಂಡು ಅಲ್ಲಿಂದಲೇ ಕರೆದುಕೊಂಡು ಬಂದಿದ್ದರು. ನೀರು ಹರಿಯುವ ಸಣ್ಣ ತೋಡಿನ ಬದಿಯಲ್ಲಿ ಒಂದು ತುಂಡು ಗದ್ದೆ, ಒಂದು ಮುಳಿಹುಲ್ಲಿನ ಮನೆ ಕೊಟ್ಟರು. ಕಾಗದಪತ್ರ ಏನೂ ಇಲ್ಲ. "ನೀನು ಹೊಡಿಯುವಷ್ಟು ವರ್ಷ ಅದು ನಿನ್ನದೇ" ಎಂದು ಹತ್ತು ಜನರ ಎದುರು ಹೇಳಿದರು. ಎಷ್ಟು ದೊಡ್ಡ ಮನಸ್ಸು ಎಂದು ಊರವರು ತಲೆದೂಗಿದರು. ಕಂಬಳದಲ್ಲಿ ಓಡುವಷ್ಟು ದಿನ ಕೋಣಕ್ಕೆ ಹುರುಳಿ ಬೇಯಿಸಿ ಹಾಕುವುದನ್ನು ಯಾರೂ ದೊಡ್ಡ ಮನಸ್ಸು ಅನ್ನುವುದಿಲ್ಲ. ಮನುಷ್ಯನಿಗೆ ಮಾಡಿದರೆ ಅನ್ನುತ್ತಾರೆ.

ನಾನು ಟೈಲರ್. ಸುಳ್ಯದಿಂದ ನಮ್ಮೂರಿಗೆ ಬರುವ ರಸ್ತೆಯ ಬದಿಯಲ್ಲಿ ಒಂದು ಹೊಲಿಗೆ ಮಿಶನ್ನು ಇಟ್ಟುಕೊಂಡು ಕೂತಿದ್ದೆ. ಸಂಜೆ ಗದ್ದೆಯಲ್ಲಿ ನಾನು ಲಿಫ್ಟರ್. ಬಲೆಯ ಹತ್ತಿರ ನಿಂತು ಚೆಂಡನ್ನು ಮೇಲೆ ಎತ್ತಿಕೊಡುವುದು ನನ್ನ ಕೆಲಸ, ಅದನ್ನು ಹೊಡೆಯುವುದು ಅವನ ಕೆಲಸ. ಹೊಡೆದವನ ಹೆಸರು ಉಳಿಯುತ್ತದೆ, ಎತ್ತಿಕೊಟ್ಟವನನ್ನು ಯಾರೂ ನೋಡುವುದಿಲ್ಲ. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವನ ಹೊಡೆತ ನೋಡಿದರೆ ಹೊಟ್ಟೆಕಿಚ್ಚು ಮರೆತುಹೋಗುತ್ತಿತ್ತು. ಚೆಂಡು ಅವನ ಅಂಗೈಗೆ ತಾಗುವ ಶಬ್ದ ರಸ್ತೆಯಲ್ಲಿ ಹೋಗುವವರಿಗೂ ಕೇಳುತ್ತಿತ್ತು. ಎದುರಿನವರು ಕೈ ಎತ್ತುವ ಮೊದಲೇ ಚೆಂಡು ನೆಲಕ್ಕೆ ಬಡಿದು ಗದ್ದೆಯಂಚಿನ ಹುಣಿ ದಾಟಿ ಹೋಗಿರುತ್ತಿತ್ತು.

ನಾನು ಹೇಳಹೊರಟಿರುವುದು ಅರವತ್ತರ ದಶಕದ ಆರಂಭದ ಒಂದು ಬೇಸಗೆಯ ಕತೆ. ಅವನಿಗೆ ಆಗ ನಲ್ವತ್ತು ದಾಟಿತ್ತು. ಮನೆಯಂಗಳದಲ್ಲಿ ಇಬ್ಬರು ಹೆಣ್ಣುಮಕ್ಕಳು ಓಡಾಡುತ್ತಿದ್ದರು. ಅವನ ಹೆಂಡತಿ ಗಟ್ಟಿ ಹೆಂಗಸು. ತೋಡಿನ ಬದಿಯ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ಬುಡಕ್ಕೆ ಸೊಪ್ಪು ಹಾಕಿ, ಬೇಸಗೆಯಿಡೀ ಕೊಡದಲ್ಲಿ ನೀರು ಹೊತ್ತು ಬದುಕಿಸಿದ್ದಳು. ಈ ಮಳೆಗಾಲ ಮೊದಲ ಫಸಲು ಕಚ್ಚುತ್ತದೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು.

ಆ ವರ್ಷ ನಮ್ಮ ಗದ್ದೆಯಲ್ಲಿ ಅವನು ಹುಲಿ. ಬಂದ ತಂಡಗಳನ್ನೆಲ್ಲ ಒಬ್ಬನೇ ಹೊಡೆದು ಕಳಿಸಿದ. ಆದರೆ ಹೊರಗೆ ಹೋದರೆ ಏನೋ ಆಗುತ್ತಿತ್ತು. ಸವಣೂರಿನಲ್ಲಿ ಚೆಂಡು ಮೇಲಿಂದ ಮೇಲೆ ಬಲೆಗೆ ಸಿಕ್ಕಿತು, ನಾವು ಸೋತೆವು. ಗುತ್ತಿಗಾರಿನಲ್ಲಿಯೂ ಹಾಗೆಯೇ. ಧಣಿಗಳು ಅಲ್ಲೇ ಜಗಳ ತೆಗೆದರು. "ಬಲೆ ಎತ್ತರ ಕಟ್ಟಿದ್ದೀರಿ ನೀವು. ನಮ್ಮವ ಬರ್ತಾನೆ ಅಂತ ಗೊತ್ತಿದ್ದೇ ಮಾಡಿದ್ದು ಇದು" ಎಂದರು. ಆ ಊರವರು ಪಾಪ, ಏನು ಹೇಳಬೇಕೆಂದು ತಿಳಿಯದೆ ನಮಗೆ ಎಳನೀರು ಕೊಟ್ಟರು. ಲಾರಿಯಲ್ಲಿ ಬರುವಾಗ ನಾವೆಲ್ಲ ಒಂದೇ ಮಾತು: ಎಲ್ಲ ಊರಿನವರೂ ಕಳ್ಳರು, ನಮ್ಮ ಸ್ಮ್ಯಾಶರನಿಗೆ ಹೆದರಿ ಬಲೆ ಎತ್ತರಿಸುತ್ತಾರೆ. ನಮ್ಮಲ್ಲಿ ಒಬ್ಬನಿಗೂ ನಮ್ಮ ಬಲೆಯೇ ತಗ್ಗಿರಬಹುದು ಎಂದು ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ವರ್ಷ ವರ್ಷ ನಾವು ಹೆಚ್ಚು ಎತ್ತರ ಹಾರುತ್ತಿದ್ದೇವೆ ಎಂದೇ ನಾನೂ ತಿಳಿದುಕೊಂಡಿದ್ದೆ. ಬಲೆ ತಗ್ಗಿದರೆ ಯಾರು ಬೇಕಾದರೂ ಎತ್ತರ ಹಾರಿದ ಹಾಗೆ ಕಾಣುತ್ತದೆ.

ಏಪ್ರಿಲಿನಲ್ಲಿ ಧಣಿಗಳು ನನ್ನ ಅಂಗಡಿಗೆ ಬಂದರು. ಹೊಲಿಗೆಗೆ ಅಲ್ಲ. ಬೆಂಚಿನಲ್ಲಿ ಕೂತು ಎಲೆ ಹಾಕಿಕೊಂಡರು.

"ಪುತ್ತೂರಿನಲ್ಲಿ ದೊಡ್ಡ ಪಂದ್ಯ ಉಂಟು, ಮಳೆಗೆ ಮೊದಲು. ಈ ವರ್ಷದ್ದು ಅದೇ ಕಡೆಯದ್ದು. ನಾನು ಹೆಸರು ಕೊಟ್ಟಾಯ್ತು" ಎಂದರು.

"ಒಳ್ಳೆಯದೇ ಆಯ್ತು."

"ನೀನು ಹೇಳು. ಅವನಿಗೆ ಹೊಡೆತ ಉಂಟಾ ಇನ್ನು? ಊರಲ್ಲಿ ಒಂದು ನಮೂನೆ ಹೊಡೀತಾನೆ, ಹೊರಗೆ ಹೋದ್ರೆ ಒಂದು ನಮೂನೆ. ನೀನು ಚೆಂಡು ಎತ್ತಿಕೊಡುವವ, ನಿನಗೆ ಗೊತ್ತಾಗದ್ದು ಎಂತ ಉಂಟು? ಸರಿಯಾಗಿ ನೋಡಿ ಹೇಳು. ಕಲ್ಲುಗುಂಡಿಯಲ್ಲಿ ಒಬ್ಬ ಹುಡುಗ ಇದ್ದಾನಂತೆ. ಬರುವುದಿದ್ರೆ ಬಿತ್ತನೆಗೆ ಮೊದಲೇ ಬರಬೇಕಲ್ಲ."

ಆ ಕಡೆಯ ಮಾತನ್ನು ಅವರು ಎಲೆಯ ನೀರು ಉಗುಳಿ ಬಂದು ಸುಮ್ಮನೆ ಎಂಬಂತೆ ಹೇಳಿದರು. ಬಿತ್ತನೆ ಎಲ್ಲಿ ಎಂದು ನಾನು ಕೇಳಲಿಲ್ಲ. ಆ ಹುಡುಗನಿಗೆ ಕೊಡಲು ಅವರ ಕೈಯಲ್ಲಿದ್ದದ್ದು ತೋಡಿನ ಬದಿಯ ಆ ಒಂದೇ ತುಂಡು. ಉಳಿದದ್ದಕ್ಕೆಲ್ಲ ಹಳೆಯ ಒಕ್ಕಲುಗಳಿದ್ದರು.

ಹಾಗಾಗಿ ನಾನು ನೋಡತೊಡಗಿದೆ. ನಿಜವಾಗಿ ನೋಡತೊಡಗಿದ ಮೇಲೆ, ಇಷ್ಟು ದಿನ ನೋಡದೆ ಇದ್ದದ್ದು ಹೇಗೆ ಎಂದು ನನಗೇ ಸಿಟ್ಟು ಬಂತು. ಮೊದಲು ಅವನು ಚೆಂಡನ್ನು ತಲೆಯ ಮೇಲೆ ಕೈ ನೀಡಿ ಹೊಡೆಯುತ್ತಿದ್ದ. ಈಗ ಮೊಣಕೈ ಮಡಿಚಿ, ಮುಖದ ಮುಂದೆ ಬಂದ ಮೇಲೆ ಹೊಡೆಯುತ್ತಿದ್ದ. "ಸ್ವಲ್ಪ ತಗ್ಗಿಸಿ ಕೊಡು, ಹತ್ತಿರ ಕೊಡು" ಎಂದು ಎರಡು ವರ್ಷದಿಂದ ಹೇಳುತ್ತಿದ್ದ, ನಾನೂ ಕೊಡುತ್ತಿದ್ದೆ. ಪುತ್ತೂರಿಗೆಂದು ಹೊಸ ಬನಿಯನಿಗೆ ಅಳತೆ ತೆಗೆಯುವಾಗ ಬಲದ ಹೆಗಲು ಎಡದ್ದಕ್ಕಿಂತ ಕೆಳಗೆ ಇಳಿದಿತ್ತು. ಕಂಕುಳಿನ ಅಳತೆಗೆ ಕೈ ಎತ್ತು ಎಂದೆ. ತೋಳು ಪೂರ್ತಿ ನೆಟ್ಟಗಾಗದೆ ಸ್ವಲ್ಪ ಮುಂದಕ್ಕೆ ವಾಲಿಯೇ ನಿಂತಿತು. ಬೆರಳು ಆಕಾಶ ನೋಡುವ ಬದಲು ಬಾಗಿಲ ಮೇಲಿನ ಮಾಡು ನೋಡುತ್ತಿತ್ತು. ನನಗೆ ಬಟ್ಟೆಯ ಅಳತೆ ಮರೆತುಹೋಗಿ ಗದ್ದೆಯ ಬಲೆ ನೆನಪಾಯಿತು.

ಸಂಜೆ ಯಾರೂ ಬರುವ ಮೊದಲು ಗದ್ದೆಗೆ ಹೋಗಿ ಬಲೆಯ ನಡುವಿಗೆ ಟೇಪು ಇಳಿಬಿಟ್ಟೆ. ಆ ವಾರವೇ ಸವಣೂರಿಗೆ ಬಟ್ಟೆ ತರುವ ನೆಪದಲ್ಲಿ ಹೋಗಿ ಅಲ್ಲಿಯ ಬಲೆ ಅಳೆದೆ. ಗುತ್ತಿಗಾರಿನಲ್ಲಿ ನನ್ನ ಭಾವನ ಮನೆ, ಅಲ್ಲಿಯೂ ಅಳೆದೆ. ಅವೆರಡೂ ಒಂದೇ. ನಮ್ಮದು ಅವಕ್ಕಿಂತ ಅರ್ಧ ಗೇಣು ತಗ್ಗು. ಆ ಊರುಗಳವರು ಕಳ್ಳರಾಗಿರಲಿಲ್ಲ. ಒಬ್ಬ ಮನುಷ್ಯನ ಹೆಗಲು ಇಳಿದಂತೆ ನಾವು ಬಲೆಯನ್ನು ಇಳಿಸುತ್ತ ಬಂದಿದ್ದೆವು. ಕಾಯಿ ಒಡೆದು, ವೀಳ್ಯ ಕೊಟ್ಟು, ಚಪ್ಪಾಳೆ ತಟ್ಟಿ ಇಳಿಸಿದ್ದೆವು.

ಮೊದಲು ಅವನಿಗೇ ಹೇಳಿದೆ. ಬನಿಯನು ತೆಗೆದುಕೊಂಡು ಹೋಗಲು ಬಂದಿದ್ದ. ಕೇಳಿ ಬನಿಯನಿನ ತೋಳನ್ನು ಮಡಿಚುತ್ತ ಬಿಡಿಸುತ್ತ ಕೂತ.

"ಧಣಿಗಳಿಗೆ ಹೇಳಿದ್ಯಾ?" ಎಂದ.

"ಇಲ್ಲ."

"ಹೇಳಬೇಡ ಮಾರಾಯ. ಮೆಣಸು ಈ ವರ್ಷ ಕಚ್ಚುದು. ಅದು ಒಂದು ಕೊಯ್ದು ಆಗಲಿ."

"ನಾನು ಹೇಳುದಿಲ್ಲ. ಆದರೆ ಪುತ್ತೂರಿನ ಬಲೆ ಹೇಳ್ತದೆ. ಅಲ್ಲಿ ಕೋಲು ಹಿಡಿದು ಅಳೆದೇ ಕಟ್ಟುದು. ನೀನು ಹೊಡೆದದ್ದೆಲ್ಲ ಬಲೆಗೆ."

ಹೆಗಲು ಯಾವಾಗಿನಿಂದ ನೋಯುತ್ತಿದೆ ಎಂದು ಕೇಳಿದೆ. ಹೆಂಡತಿ ಎಣ್ಣೆ ಕಾಯಿಸಿ ತಿಕ್ಕುತ್ತಾಳೆ, ಅಷ್ಟೇ ಎಂದ. ಬಲೆ ಇಳಿಯುತ್ತ ಬಂದದ್ದು ಅವನಿಗೆ ಮೊದಲೇ ತಿಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದಿದ್ದರೂ ಅವನನ್ನು ದೂರಲು ನಾನು ಯಾರು? ಹೊಟ್ಟೆಯ ಅನ್ನ ಹೆಗಲಿಗೆ ಕಟ್ಟಿದ್ದರೆ ಯಾರಾದರೂ ಹೆಗಲು ಸರಿ ಉಂಟು ಎಂದೇ ಹೇಳುತ್ತಾರೆ.

ಉಪಾಯ ಹೊಳೆದದ್ದು ನನಗೆ. ಅದರ ಬಗ್ಗೆ ನನಗೆ ಆಗ ಬಹಳ ಹೆಮ್ಮೆ ಇತ್ತು. ಅವನು ಹಾರುವ ರೀತಿ ಇನ್ನೂ ಹಾಗೆಯೇ ಇತ್ತು. ಅವನು ಹಾರಿದರೆ ಎದುರಿನ ಇಬ್ಬರು ಹೆದರಿ ಜೊತೆಗೆ ಹಾರುತ್ತಿದ್ದರು, ಹಿಂದಿನವರು ಹೊಡೆತ ಬರುತ್ತದೆಂದು ಹಿಂದೆ ಸರಿಯುತ್ತಿದ್ದರು. ನಡುವೆ ಒಂದು ಅಂಗಳದಷ್ಟು ಜಾಗ ಖಾಲಿ. ಹೊಡೆಯುವ ಹಾಗೆ ಹಾರಿ, ಹೊಡೆಯದೆ, ಬೆರಳ ತುದಿಯಿಂದ ಚೆಂಡನ್ನು ಮೆಲ್ಲಗೆ ಅವರ ಕೈಯ ಮೇಲಿಂದ ಆ ಖಾಲಿ ಜಾಗಕ್ಕೆ ತಟ್ಟಿಬಿಟ್ಟರೆ? ಅದಕ್ಕೆ ಹೆಗಲು ಬೇಡ, ಬೆರಳು ಸಾಕು. ಹೆಸರು ಇದ್ದವನಿಗೆ ಮಾತ್ರ ಆಗುವ ಆಟ ಅದು. ನಾನು ಹಾರಿದರೆ ಯಾರು ಹೆದರುತ್ತಾರೆ?

ಬೆಳಗ್ಗೆ ಅವನ ಮನೆಯ ಎದುರಿನ ಗದ್ದೆಯಲ್ಲಿ ಸವಣೂರಿನಲ್ಲಿ ಅಳೆದ ಎತ್ತರಕ್ಕೆ ಒಂದು ಹಗ್ಗ ಕಟ್ಟಿದೆವು. ನಾನು ಎತ್ತಿಕೊಡುವುದು, ಅವನು ತಟ್ಟುವುದು, ಅವನ ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ಚೆಂಡು ಹೆಕ್ಕಿ ಕೊಡುವುದು. ಅವನಿಗೆ ಅದು ಒಗ್ಗಲಿಲ್ಲ. ಮೊದಲ ದಿನ ಚೆಂಡನ್ನು ನೆಲಕ್ಕೆ ಎಸೆದು, "ಇದು ಎಂತ, ಬೆಕ್ಕು ಹಾಲಿಗೆ ಕೈ ಹಾಕಿದ ಹಾಗೆ" ಎಂದು ಬೈದ. ಹೊಡೆದೇ ಬದುಕಿದವನಿಗೆ ಅದು ನಾಚಿಕೆಯ ಕೆಲಸ. ಆದರೂ ಕಲಿತ. ಕೈಯಲ್ಲಿ ಅಷ್ಟು ವರ್ಷದ ಆಟ ಇತ್ತಲ್ಲ. ಕೊನೆಕೊನೆಗೆ ಹೆಂಡತಿ ಒಂದು ಗೋಣಿ ಹಾಸಿ ತೋರಿಸಿದಲ್ಲಿಗೆ ಚೆಂಡು ಬೀಳಿಸುತ್ತಿದ್ದ. ಅವಳು ನಕ್ಕದ್ದನ್ನು ನಾನು ಕಂಡದ್ದು ಆ ಬೆಳಗ್ಗೆಗಳಲ್ಲಿ ಮಾತ್ರ.

ಧಣಿಗಳು ಮತ್ತೆ ಕೇಳಿದಾಗ ನಾನು ಧೈರ್ಯವಾಗಿ ಹೇಳಿದೆ. "ಪುತ್ತೂರಿನಲ್ಲಿ ಅವನು ಗೆಲ್ಲಿಸ್ತಾನೆ. ನೀವು ನೋಡಿ."

"ಗೆಲ್ಲುದು ಸೋಲುದು ನಾನು ಕೇಳಿದ್ದಾ? ಹೊಡೆತ ಉಂಟಾ ಅಂತ ಕೇಳಿದ್ದು."

"ಉಂಟು" ಎಂದೆ. ಪಂದ್ಯ ಗೆದ್ದ ಮೇಲೆ ಯಾರು ಅದನ್ನೆಲ್ಲ ನೋಡುತ್ತಾರೆ ಅಂದುಕೊಂಡೆ. ಧಣಿಗಳನ್ನು ಅಷ್ಟು ವರ್ಷ ಹತ್ತಿರದಿಂದ ಕಂಡೂ ನಾನು ಹಾಗೆ ಅಂದುಕೊಂಡೆ.

ಪುತ್ತೂರಿನ ಮೈದಾನದಲ್ಲಿ ಜನವೋ ಜನ. ಸುತ್ತಲಿನ ತಗ್ಗು ಗೋಡೆಯ ಮೇಲೆ, ಮರದ ಕೊಂಬೆಯ ಮೇಲೆ, ನಿಂತ ಬಸ್ಸಿನ ಮೇಲೆ. ಧಣಿಗಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಮೊದಲ ಚೆಂಡು ಎತ್ತಿಕೊಟ್ಟೆ. ಅವನು ಹಾರಿದ. ಆ ಹಾರುವಿಕೆ ಕಂಡು ಮೈದಾನ ಉಸಿರು ಹಿಡಿಯಿತು. ಎದುರಿನವರು ಕೈ ಚಾಚಿ ಮೇಲೆದ್ದರು. ಚೆಂಡು ಅವರ ಕೈಯ ಮೇಲಿಂದ ಹೋಗಿ ಸದ್ದಿಲ್ಲದೆ ನೆಲಕ್ಕೆ ಬಿತ್ತು. ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಗೋಡೆಯ ಮೇಲಿದ್ದ ಒಬ್ಬ ನಕ್ಕ, ಅವನ ಹಿಂದೆ ಎಲ್ಲರೂ ನಕ್ಕರು.

ಅವನು ನಗಲಿಲ್ಲ, ನಾನೂ ನಗಲಿಲ್ಲ. ಮತ್ತೆ ಕೊಟ್ಟೆ, ಮತ್ತೆ ತಟ್ಟಿದ. ಒಂದು ಸಲ ಬಲದ ಮೂಲೆಗೆ, ಒಂದು ಸಲ ಬಲೆಯ ಬುಡಕ್ಕೆ. ಎದುರಿನ ತಂಡದವರು ಪೇಟೆಯ ಗಟ್ಟಿ ಹುಡುಗರು. ಮುಂದೆ ಓಡಿ ಬಂದರೆ ಹಿಂದೆ ಬೀಳುತ್ತಿತ್ತು, ಹಿಂದೆ ಹೋದರೆ ಮುಂದೆ. ಅವರಿಗೆ ಅಳು ಬರುವುದೊಂದು ಬಾಕಿ. "ಹೊಡಿ ಮಾರಾಯ, ಹೊಡಿ, ಮಗುವಿನ ತಲೆ ತಟ್ಟಿದ ಹಾಗೆ ಎಂತ ತಟ್ಟುದು?" ಎಂದು ಜನ ಕೂಗುತ್ತಿದ್ದರು. ನಡುವೆ ಅವನು ಒಮ್ಮೆ ನನ್ನ ಮುಖ ನೋಡಿದ. ಒಂದು ಹೊಡೆಯಲಾ ಎಂಬ ಹಾಗೆ. ನಾನು ಬೇಡ ಎಂದು ತಲೆಯಾಡಿಸಿದೆ. ಅವನು ತಟ್ಟಿದ. ನಾವು ಗೆದ್ದೆವು. ನಮ್ಮೂರಿನ ತಂಡ ಪುತ್ತೂರಿನಲ್ಲಿ ಗೆದ್ದದ್ದು ಅದೇ ಮೊದಲು.

ಇಷ್ಟು ವರ್ಷ ವಾಲಿಬಾಲು ನೋಡಿದ್ದೇನೆ. ಅಷ್ಟು ಚೆಂದದ ಆಟ ನಾನು ಮತ್ತೆ ಕಂಡಿಲ್ಲ. ಅವನ ಮೂವತ್ತರ ಹೊಡೆತಕ್ಕಿಂತ ಆ ಸಂಜೆಯ ತಟ್ಟುವಿಕೆ ಮೇಲು ಎಂದು ಯಾರ ಎದುರು ಬೇಕಾದರೂ ಹೇಳುತ್ತೇನೆ. ಅವನ ಆಟದ ಲೆಕ್ಕ ಹಾಕಲು ನನಗೆ ಹೇಳಿದ್ದರಲ್ಲ, ನನ್ನ ಲೆಕ್ಕ ಅದು. ಆದರೆ ಕೇಳಿದವರಿಗೆ ಆ ಲೆಕ್ಕ ಬೇಕಿರಲಿಲ್ಲ.

ಗೆದ್ದ ಕಪ್ಪನ್ನು ಲಾರಿಯಲ್ಲಿ ತಂದೆವು. ಧಣಿಗಳು ಡ್ರೈವರನ ಪಕ್ಕ ಕೂತು ದಾರಿಯಿಡೀ ರಸ್ತೆಯನ್ನೇ ನೋಡುತ್ತಿದ್ದರು. ಮರುದಿನ ಅವರ ಮನೆಯ ಜಗಲಿಯಲ್ಲಿ ಕಪ್ಪು ಇಟ್ಟು ನಮಗೆಲ್ಲ ಊಟ ಹಾಕಿದರು. ಊಟವಾದ ಮೇಲೆ ಅವನನ್ನು ಕರೆದರು. ನಾವೆಲ್ಲ ಅಲ್ಲೇ ಕೈ ತೊಳೆಯುತ್ತಿದ್ದೆವು.

"ಕಪ್ಪು ಬಂದದ್ದು ಸಂತೋಷವೇ. ಆದರೆ ನಿನ್ನೆ ಪುತ್ತೂರಿನವರೆಲ್ಲ ನನ್ನ ಮುಖ ನೋಡಿ ನಕ್ಕದ್ದು. ಹುಲಿ ತಂದಿದ್ದೇನೆ ಅಂತ ಹೇಳಿ ನಾನು ಬೆಕ್ಕು ತೋರಿಸಿದ ಹಾಗೆ ಆಯ್ತು. ನಿನಗೆ ಹೊಡೆತ ಇಲ್ಲ ಈಗ. ನಾನು ಅಂದದ್ದು ನೆನಪುಂಟಲ್ಲ? ಕಲ್ಲುಗುಂಡಿಯ ಹುಡುಗ ಮುಂದಿನ ವಾರ ಬರ್ತಾನೆ. ಗದ್ದೆ ಅವನಿಗೆ ಬಿಡಬೇಕು, ಬಿತ್ತುವ ಸಮಯ."

ನಾನು ಕೈ ಒರೆಸಿಕೊಳ್ಳದೆ ಹಾಗೇ ಹೋಗಿ ನಿಂತೆ. "ಗೆಲ್ಲಿಸಿದವ ಅವನೇ ಅಲ್ವಾ? ಒಬ್ಬನೇ ಗೆಲ್ಲಿಸಿದ್ದು" ಎಂದೆ. ದನಿ ಸ್ವಲ್ಪ ಏರಿತ್ತು.

"ನಿನ್ನನ್ನು ಕೇಳಿದೆ ನಾನು, ಹೊಡೆತ ಉಂಟಾ ಅಂತ. ಉಂಟು ಅಂದೆ" ಎಂದರು ಧಣಿಗಳು. ಆಮೇಲೆ ಬೇರೆಯವರೊಡನೆ ಮಳೆಯ ವಿಷಯ ಮಾತಾಡತೊಡಗಿದರು. ಉಳಿದವರು ತಲೆ ತಗ್ಗಿಸಿ ಚಪ್ಪಲಿ ಹುಡುಕಿದರು. ಆ ತಂಡದಲ್ಲಿ ಒಬ್ಬನಾದರೂ ಒಂದು ಮಾತು ಆಡಬಹುದಿತ್ತು. ಅವರಿಗೂ ಒಕ್ಕಲು ಇತ್ತು, ಮನೆ ಇತ್ತು, ಎಂದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಅವರನ್ನು ನಾನು ಕ್ಷಮಿಸಲಿಲ್ಲ. ಮರುವರ್ಷ ಚೆಂಡು ಎತ್ತಿಕೊಡಲು ನಾನು ಹೋಗಲಿಲ್ಲ.

ಅವನು ಹೋಗಿ ಗಂಟುಮೂಟೆ ಕಟ್ಟಿದ. ಕಡಬದ ಆಚೆ ಕೇರಳದಿಂದ ಬಂದವರು ಕಾಡು ಕಡಿದು ರಬ್ಬರ್ ಹಾಕುತ್ತಿದ್ದರು, ಅಲ್ಲಿ ಅವನ ಭಾವನಿಗೆ ಕೆಲಸವಿತ್ತು. ಅಲ್ಲಿಗೆ ಹೋಗುವುದೆಂದಾಯಿತು. ಬಸ್ಸಿನ ಹತ್ತಿರ ಅವರನ್ನು ಕಳಿಸಲು ಹೋದವನು ನಾನೊಬ್ಬನೇ. ಮೊದಲ ಮಳೆ ಬಿದ್ದು ಹೋಗಿತ್ತು. ಅವನು ಮಕ್ಕಳನ್ನು ಒಳಗೆ ಕೂರಿಸಲು ಹೋದ. ಹೆಂಡತಿ ಗಂಟು ಹಿಡಿದುಕೊಂಡು ನನ್ನ ಪಕ್ಕ ನಿಂತಿದ್ದಳು. ಏನಾದರೂ ಹೇಳಬೇಕೆಂದು, "ನನ್ನ ಟೇಪು ಸುಳ್ಳು ಹೇಳಲಿಲ್ಲ ಅಕ್ಕಾ. ಅವನ ಆಟದಲ್ಲೂ ತಪ್ಪಿರಲಿಲ್ಲ" ಎಂದೆ.

"ತಪ್ಪು ಅಂತ ನಾನು ಹೇಳುದಿಲ್ಲ ಟೈಲರೇ" ಎಂದಳು. "ಆದರೆ ಪುತ್ತೂರಿನಲ್ಲೂ ಇವರು ಮೊದಲಿನ ಹಾಗೆ ಬಲೆಗೇ ಹೊಡೆದು ಸೋತು ಬಂದಿದ್ರೆ, ಪುತ್ತೂರಿನವರೂ ಬಲೆ ಎತ್ತರ ಕಟ್ಟಿದ್ದಾರೆ ಅಂತ ಧಣಿಗಳು ಬೈಕೊಂಡು ಬರ್ತಿದ್ರು. ನಮಗೆ ಇನ್ನೊಂದು ವರ್ಷ ಸಿಗ್ತಿತ್ತು."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಗಂಟು ಎತ್ತಿಕೊಂಡು ಬಸ್ಸು ಹತ್ತಿದಳು.